ಒಂದು ಸಲ ಬೇಡ ಅಂದೆ, ಉಳಿದದ್ದನ್ನು ಬರೆದಿಟ್ಟೆ

ಹೋದ ಮಳೆಗಾಲದಲ್ಲಿ ನನಗೆ ರಾತ್ರಿ ಹನ್ನೊಂದರ ಮೇಲೆ ಫೋನು ಬರೋಕೆ ಶುರುವಾಯಿತು. ಮೊದಲು ಬರೀ ಉಸಿರಿನ ಸದ್ದು. ಆಮೇಲೆ ಒಬ್ಬ ಗಂಡಸಿನ ಮಾತು. ಬೆಳಿಗ್ಗೆ ಮುಂಬಯಿಯ ಸೆಂಟ್ರಲ್ ಲೈನಿನಲ್ಲಿ ಯಾವ ಲೋಕಲ್ ರೈಲು ಹಿಡಿದೆ, ಯಾವ ಬಣ್ಣದ ಡ್ರೆಸ್ ಹಾಕಿದ್ದೆ ಅಂತ ಹೇಳುತ್ತಿದ್ದ. ಹೊಟ್ಟೆಯೊಳಗೆಲ್ಲ ನಡುಕ. ನಾನು ಬಯ್ದೆ. ಬಯ್ದಷ್ಟೂ ಅವನ ಮಾತು ಜಾಸ್ತಿಯಾಯಿತು.

ಮಾಟುಂಗಾದಲ್ಲಿರುವ ದೊಡ್ಡಮ್ಮನ ಮಗಳು ವಕೀಲೆ. "ಸುಮ್ನೆ ಬಯ್ಯಬೇಡ ಮಾರಾಯ್ತಿ. ಬೇಡ ಅಂತ ಒಂದೇ ಸಲ ಮೆಸೇಜಲ್ಲಿ ಹೇಳು. ಆಮೇಲೆ ಉತ್ತರವೇ ಕೊಡಬೇಡ" ಅಂದಳು. ಕಾರಣವನ್ನೂ ಅಕ್ಕನೇ ಹೇಳಿದಳು. ಭಾರತೀಯ ನ್ಯಾಯ ಸಂಹಿತೆಯ ಕಲಂ 78ರ ಪ್ರಕಾರ, ಹೆಂಗಸು ಇಷ್ಟವಿಲ್ಲ ಅಂತ ಸ್ಪಷ್ಟವಾಗಿ ತೋರಿಸಿದ ಮೇಲೂ ಗಂಡಸು ಸಲಿಗೆ ಬೆಳೆಸಲು ಮತ್ತೆ ಮತ್ತೆ ಸಂಪರ್ಕಿಸಿದರೆ ಅದು ಅಪರಾಧ. ಮೊದಲ ಸಲಕ್ಕೆ 3 ವರ್ಷದವರೆಗೆ ಜೈಲು, ಮತ್ತೆ ಮಾಡಿದರೆ 5 ವರ್ಷದವರೆಗೆ. 2024ರ ಜುಲೈ 1ಕ್ಕೆ ಮುಂಚೆ ಇದೇ ಹಳೇ ಐಪಿಸಿಯ ಕಲಂ 354ಡಿ ಆಗಿತ್ತು.

ಅಂದರೆ ಆ 'ಬೇಡ'ಕ್ಕೆ ತಾರೀಖು ಇರಬೇಕು. ಹಿಂದಿಯಲ್ಲಿ ಎರಡೇ ಸಾಲು ಕಳಿಸಿದೆ: ನನಗೆ ಫೋನ್ ಮಾಡಬೇಡಿ, ನಿಮ್ಮ ಹತ್ತಿರ ಮಾತಾಡಲು ಇಷ್ಟವಿಲ್ಲ. ಬೈಗುಳ ಇಲ್ಲ, ಪ್ಲೀಸ್ ಇಲ್ಲ.

ಮಗನ ಹಳೇ ಲೆಕ್ಕದ ಪುಸ್ತಕದಲ್ಲಿ ಗೀಟು ಎಳೆದೆ. ತಾರೀಖು, ಗಂಟೆ, ನಂಬರ್, ಏನಂದ. 'ರಾತ್ರಿ 11.40, ಆರು ನಿಮಿಷ', ಮುಂದೆ ಅವನಾಡಿದ ಮಾತು. ಹೊಲಸು ಮಾತನ್ನು ಬರೆಯಲು ಪೆನ್ನು ಮುಂದೆ ಹೋಗುತ್ತಿರಲಿಲ್ಲ. ಆದರೂ ಇದ್ದ ಹಾಗೇ ಬರೆದೆ. 'ಅಸಭ್ಯವಾಗಿ ಮಾತಾಡಿದ' ಅಂತ ಬರೆದರೆ ಏನೂ ತಿಳಿಯುವುದಿಲ್ಲ, ಅಲ್ವಾ? ಹೆಂಗಸಿನ ಮಾನಕ್ಕೆ ಕುಂದು ತರುವ ಮಾತಿಗೆ ಕಲಂ 79 ಇದೆ. ಅಲ್ಲಿ ಆ ಮಾತೇ ಮುಖ್ಯ. ಹೆಸರು ಮುಚ್ಚಿಟ್ಟು ಬೆದರಿಸಿದರೆ ಕಲಂ 351 ಇದೆ, ಅದು ಗಂಡಸರಿಗೂ ಸಿಗುವ ರಕ್ಷಣೆ.

ಒಂದು ರಾತ್ರಿ "ನಿಮ್ಮ ಗೇಟಿನ ಹತ್ತಿರವೇ ಇದ್ದೇನೆ" ಅಂದ. ಆಗ ಪುಸ್ತಕ ತೆಗೆಯಲಿಲ್ಲ. ಯಜಮಾನರು ನೇರ 112ಕ್ಕೆ ಫೋನ್ ಮಾಡಿದರು.

ಮರುದಿನ ಠಾಣೆಗೆ ಹೋದೆವು. ಎನ್‌ಸಿ ಬರೆದುಕೊಳ್ಳುತ್ತೇನೆ ಅಂದರು. ಎನ್‌ಸಿ ಅಂದರೆ ನಾನ್-ಕಾಗ್ನಿಜಬಲ್, ಸಣ್ಣ ಅಪರಾಧ ಅಂತ ಬರೆದುಕೊಳ್ಳುವ ದೂರು; ಅದಕ್ಕೆ ಕೋರ್ಟಿನ ಅಪ್ಪಣೆ ಇಲ್ಲದೆ ತನಿಖೆ ಆಗುವುದಿಲ್ಲ. ನಾನು ಮೆಸೇಜ್ ತೋರಿಸಿದೆ, ಅದರ ಕೆಳಗೆ ಪುಸ್ತಕ ಇಟ್ಟೆ. ಬೇಡ ಅಂದ ಮೇಲೆ 43 ಕಾಲ್. ಇನ್ಸ್‌ಪೆಕ್ಟರ್ ಬೆರಳಿಟ್ಟು ಒಂದೊಂದೇ ಸಾಲು ಓದಿದರು. ಕಲಂ 78 ಹಾಕಿ ಎಫ್‌ಐಆರ್ ಆಯಿತು. ಪ್ರತಿಯನ್ನು ದುಡ್ಡಿಲ್ಲದೆ ಕೊಡಬೇಕು, ಕೇಳಿ ತನ್ನಿ. ಘಟನೆ ಬೇರೆ ಠಾಣೆಯ ವ್ಯಾಪ್ತಿಯದ್ದು ಅಂತ ನಿಮ್ಮನ್ನು ವಾಪಸ್ ಕಳಿಸುವ ಹಾಗಿಲ್ಲ, ಜೀರೋ ಎಫ್‌ಐಆರ್ ಅಂತ ಇದೆ. ನಂಬರು ಯಾರದ್ದು ಅಂತ ಕಂಪನಿ ನಮಗೆ ಹೇಳುವುದಿಲ್ಲ, ಪೊಲೀಸರಿಗೆ ಹೇಳುತ್ತದೆ. ಹತ್ತು ದಿನದೊಳಗೆ ಅವನು ಸಿಕ್ಕ.

ಕೇಸು ಇನ್ನೂ ನಡೆಯುತ್ತಿದೆ. ಅವನ ಕಾಲ್‌ಗಳ ರೆಕಾರ್ಡಿಂಗ್ ಇರುವ ಮೂಲ ಫೋನನ್ನು ಮಾರಬೇಡ, ರೀಸೆಟ್ ಮಾಡಬೇಡ ಅಂದಿದ್ದಾಳೆ ಅಕ್ಕ. ಗಾಜು ಒಡೆದ ಆ ಫೋನು ಪುಸ್ತಕದ ಜೊತೆ ಗೋದ್ರೆಜ್ ಕಪಾಟಿನಲ್ಲಿದೆ. ತಿಂಗಳಿಗೊಮ್ಮೆ ತೆಗೆದು ಚಾರ್ಜಿಗೆ ಹಾಕುತ್ತೇನೆ.