ಲಿನಕ್ಸ್‌ಗೆ ಗ್ರಾಫಿಕ್ಸ್ ಡ್ರೈವರ್ ಹಾಕುವ ಮುನ್ನ ಕರೆಂಟ್ ನೋಡಿಕೊಳ್ಳಿ

ಕಳೆದ ಕಕ್ಕಡ ಪದಿನೆಟ್ಟ್ (ಕೊಡಗಿನ ಆಟಿ ಹದಿನೆಂಟು) ಹಬ್ಬದ ಮರುದಿನ ಗೋಣಿಕೊಪ್ಪದ ಸ್ಟುಡಿಯೋ ಹುಡುಗನೊಬ್ಬ ಫೋನ್ ಮಾಡಿದ. “ಅಣ್ಣಾ, ವಿಂಡೋಸ್ ಬದಲು ಉಬುಂಟು ಲಿನಕ್ಸ್ ಹಾಕಿ ಆಯ್ತು. ಆದ್ರೆ ಮದುವೆ ವಿಡಿಯೊ ಓಡಿಸಿದ್ರೆ ವಾಲಗದ ಶಬ್ದ ಸರಿಯಾಗಿ ಬರ್ತದೆ, ಕುಣಿಯೋರು ಮಾತ್ರ ನಿಂತಲ್ಲೇ ನಿಂತಿರ್ತಾರೆ.”

ಗ್ರಾಫಿಕ್ಸ್ ಕಾರ್ಡ್ ಯಾವುದು ಅಂದೆ. ಎನ್‌ವಿಡಿಯಾ ಜಿಟಿಎಕ್ಸ್ 1050 ಟಿಐ. ಆ ಕಾರ್ಡನ್ನು ನಡೆಸುವ ತಂತ್ರಾಂಶ, ಅಂದರೆ ಡ್ರೈವರ್ ಹಾಕಿದೆಯಾ ಅಂದೆ. “ಲಿನಕ್ಸ್‌ನಲ್ಲಿ ಅದೆಲ್ಲ ತಾನಾಗೇ ಬರ್ತದೆ ಅಂದ್ರಲ್ಲ?”

ಅವನು ಕೇಳಿದ್ದು ಅರ್ಧ ನಿಜ. ಎಎಂಡಿ, ಇಂಟೆಲ್ ಕಾರ್ಡುಗಳ ಡ್ರೈವರ್ ಲಿನಕ್ಸ್‌ನ ತಿರುಳಾದ ಕರ್ನಲ್ ಜೊತೆಗೇ ಬರುತ್ತದೆ. ಆ ಎರಡರಲ್ಲಿ ಒಂದು ನಿಮ್ಮದಾದರೆ ಸಿಸ್ಟಮ್ ಅಪ್‌ಡೇಟ್ ಮಾಡಿ ಸುಮ್ಮನಿರಿ. ತಲೆನೋವು ಎನ್‌ವಿಡಿಯಾದವರಿಗೆ. ಅವರಿಗೂ ‘ನೂವೋ’ ಎಂಬ ಮುಕ್ತ ಡ್ರೈವರ್ ತಾನಾಗೇ ಬರುತ್ತದೆ, ಸ್ಕ್ರೀನ್ ಬೆಳಗುತ್ತದೆ. ಆದರೆ ಜಿಟಿಎಕ್ಸ್ 900, 1000 ಸರಣಿಯಲ್ಲಿ ಕಾರ್ಡಿನ ವೇಗ ಏರಿಸಲು ಕಂಪನಿಯ ಸಹಿ ಇರುವ ಫರ್ಮ್‌ವೇರ್ (ಕಾರ್ಡಿನೊಳಗೆ ಓಡುವ ತಂತ್ರಾಂಶ) ಬೇಕು. ಅದು ನೂವೋ ಕೈಗೆ ಸಿಕ್ಕಿಲ್ಲ. ಹಾಗಾಗಿ ಸುಂಟಿಕೊಪ್ಪದಿಂದ ಮಡಿಕೇರಿವರೆಗೂ ಜೀಪನ್ನು ಫಸ್ಟ್ ಗೇರಿನಲ್ಲೇ ಹತ್ತಿಸಿದ ಹಾಗೆ. ಲಿನಕ್ಸ್ ಹುಟ್ಟಿಸಿದ ಲೀನಸ್ ಟೋರ್ವಾಲ್ಡ್ಸ್ 2012ರಲ್ಲಿ ಫಿನ್ಲೆಂಡಿನ ವೇದಿಕೆಯ ಮೇಲೇ ಈ ಕಂಪನಿಗೆ ನಡುಬೆರಳು ತೋರಿಸಿದ್ದು ಸುಮ್ಮನೆ ಅಲ್ಲ. ಕಂಪನಿ ತನ್ನ ಡ್ರೈವರಿನ ಕರ್ನಲ್ ಭಾಗದ ಕೋಡನ್ನು ಮುಕ್ತವಾಗಿ ಬಿಟ್ಟದ್ದು 2022ರ ಮೇ ತಿಂಗಳಲ್ಲಿ, ಅದೂ ಹೊಸ ಕಾರ್ಡುಗಳಿಗೆ ಮಾತ್ರ.

ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಬೆಂಬಲ ನಿಂತ ಮೇಲೆ ಇಂಥ ಫೋನುಗಳು ಹೆಚ್ಚಾಗಿವೆ. ಹಾಗಾಗಿ ಕ್ರಮವಾಗಿಯೇ ಬರೆಯುತ್ತೇನೆ. ಕಮಾಂಡುಗಳನ್ನು ಉಚ್ಚಾರದ ಪ್ರಕಾರ ಕೊಟ್ಟಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರ ಬಳಸಿ.

ಮೊದಲು ಕಾರ್ಡ್ ಯಾವುದೆಂದು ನೋಡಿ

ಕಮಾಂಡ್ ಟೈಪ್ ಮಾಡುವ ಕಿಟಕಿಯಾದ ಟರ್ಮಿನಲ್ ತೆರೆದು ‘ಎಲ್‌ಎಸ್‌ಪಿಸಿಐ -ಕೆ’ ಕೊಡಿ. ಉದ್ದದ ಪಟ್ಟಿಯಲ್ಲಿ ‘ವಿಜಿಎ’ ಅಥವಾ ‘3ಡಿ ಕಂಟ್ರೋಲರ್’ ಎಂಬ ಸಾಲು ಹುಡುಕಿ. ಅಲ್ಲಿ ಕಾರ್ಡಿನ ಹೆಸರಿರುತ್ತದೆ, ಅದರ ಕೆಳಗೆ ಈಗ ಯಾವ ಡ್ರೈವರ್ ಓಡುತ್ತಿದೆ ಎಂಬುದೂ ಇರುತ್ತದೆ. ಕಾರ್ಡಿನ ಹೆಸರೇ ಕಾಣದಿದ್ದರೆ ತಪ್ಪು ಲಿನಕ್ಸಿನದಲ್ಲ. ನಮ್ಮ ಮಳೆಗಾಲದ ತೇವಕ್ಕೆ ಕಾರ್ಡಿನ ಚಿನ್ನದ ಬಣ್ಣದ ಹಲ್ಲುಗಳು ಮಂಕಾಗಿರುತ್ತವೆ. ಪವರ್ ವಯರ್ ಕಿತ್ತು, ಕಾರ್ಡ್ ಹೊರತೆಗೆದು, ಮಕ್ಕಳ ರಬ್ಬರಿನಿಂದ ಮೆತ್ತಗೆ ಉಜ್ಜಿ, ಪುಡಿ ಊದಿ ಮತ್ತೆ ಕೂರಿಸಿ. ನಾಪೋಕ್ಲು ಕಡೆಯ ಎರಡು ಕಂಪ್ಯೂಟರ್ ಹೀಗೇ ಸರಿಹೋಗಿವೆ.

ಹೊರಗಿನಿಂದ ತರಬೇಡಿ

ಕಂಪನಿಯ ವೆಬ್‌ಸೈಟಿಗೆ ಹೋಗಿ ‘.ರನ್’ ಫೈಲ್ ಇಳಿಸಿಕೊಳ್ಳುವುದು ವಿಂಡೋಸ್ ಕಾಲದ ಅಭ್ಯಾಸ, ಬಿಡಿ. ಹಾಗೆ ಹಾಕಿದ ಡ್ರೈವರ್ ಉಬುಂಟುವಿನ ಲೆಕ್ಕದಲ್ಲಿ ಇರುವುದಿಲ್ಲ. ಮುಂದಿನ ಕರ್ನಲ್ ಅಪ್‌ಡೇಟ್ ಬಂದ ದಿನ ಸ್ಕ್ರೀನ್ ಕಪ್ಪಾಗಬಹುದು. ಉಬುಂಟುವಿನಲ್ಲಿ ‘ಸಾಫ್ಟ್‌ವೇರ್ ಅಂಡ್ ಅಪ್‌ಡೇಟ್ಸ್’ ತೆರೆದು ‘ಅಡಿಷನಲ್ ಡ್ರೈವರ್ಸ್’ ಟ್ಯಾಬಿಗೆ ಹೋಗಿ. ಲಿನಕ್ಸ್ ಮಿಂಟ್‌ನಲ್ಲಿ ಇದೇ ಕೆಲಸಕ್ಕೆ ‘ಡ್ರೈವರ್ ಮ್ಯಾನೇಜರ್’ ಇದೆ.

ಅಲ್ಲಿ ಐದಾರು ಹೆಸರು ಕಂಡು ಗಾಬರಿ ಬೀಳಬೇಡಿ. ‘ಟೆಸ್ಟೆಡ್’ ಅಥವಾ ‘ರೆಕಮೆಂಡೆಡ್’ ಎಂದಿರುವುದನ್ನು ಆರಿಸಿ. ‘ಸರ್ವರ್’ ಎಂದಿರುವುದು ಮನೆಗಲ್ಲ. ‘ಓಪನ್’ ಎಂದಿರುವುದು ಆರ್‌ಟಿಎಕ್ಸ್ 50 ಸರಣಿಗೆ ಬೇಕೇ ಬೇಕು. ಸ್ಟುಡಿಯೋದ 1050ಕ್ಕೆ ಅದನ್ನೇ ಹಾಕಿದರೆ ಕೆಲಸ ಮಾಡುವುದಿಲ್ಲ. ಜಿಟಿ 710ರಂಥ ಹಳೆಯದಕ್ಕೆ 470 ನಂಬರಿನ ಡ್ರೈವರ್ ಬೇಕು. ಅದಕ್ಕಿಂತಲೂ ಹಳೆಯ ಕಾರ್ಡಾದರೆ ನೂವೋದಲ್ಲೇ ಇದ್ದುಬಿಡಿ. ಇಮೇಲು, ಟೈಪಿಂಗು, ಎಸ್ಟೇಟಿನ ಲೆಕ್ಕ ಬರೆಯುವುದಕ್ಕೆ ಅದು ಧಾರಾಳ.

ಕರೆಂಟು, ನೆಟ್‌ವರ್ಕು

ನಾನು ಎಡವಿದ್ದು ಇಲ್ಲೇ. ಸ್ಟುಡಿಯೋಗೆ ಹೋಗಿ ಕುಳಿತೆ. ಹುಡುಗನ ಅಮ್ಮ ಹಿಂದಿನ ದಿನ ಹಬ್ಬಕ್ಕೆ ಮಾಡಿದ ಮದ್ದ್ ಸೊಪ್ಪಿನ ಪಾಯಸ ಉಳಿದದ್ದನ್ನು ಕೀಬೋರ್ಡ್ ಪಕ್ಕ ತಂದಿಟ್ಟರು. ‘ಅಪ್ಲೈ ಚೇಂಜಸ್’ ಒತ್ತಿ ಎರಡು ಚಮಚ ತಿಂದಿದ್ದೆ, ಎಲ್ಲೋ ಸಿಲ್ವರ್ ಓಕ್ ಲೈನಿನ ಮೇಲೆ ಬಿತ್ತು, ಕರೆಂಟ್ ಹೋಯಿತು. ಯುಪಿಎಸ್ ಒಂದೇ ಸಲ ಕೀ ಎಂದು ಸತ್ತಿತು. ಸಂಜೆ ಕರೆಂಟ್ ಬಂದಾಗ ಕಪ್ಪು ಸ್ಕ್ರೀನು, ಮೂಲೆಯಲ್ಲಿ ಮಿಟುಕುವ ಗೆರೆ.

ಆದ್ದರಿಂದ ಎರಡು ಹಂತದಲ್ಲಿ ಮಾಡಿ. ಡ್ರೈವರ್ ನೂರಾರು ಎಂಬಿ ಇರುತ್ತದೆ. ರಾತ್ರಿ ನೆಟ್ ಚೆನ್ನಾಗಿರುವಾಗ ಬರೀ ಇಳಿಸಿಕೊಳ್ಳಿ: ‘ಸುಡೋ ಆಪ್ಟ್ ಇನ್‌ಸ್ಟಾಲ್ -ಡಿ’ ಎಂದು ಬರೆದು ಮುಂದೆ ಪಟ್ಟಿಯಲ್ಲಿ ಕಂಡ ಡ್ರೈವರಿನ ಹೆಸರು ಸೇರಿಸಿ. ಬೆಳಿಗ್ಗೆ ಮಳೆ ಬಿಟ್ಟಾಗ ‘-ಡಿ’ ತೆಗೆದು ಅದೇ ಕಮಾಂಡ್ ಕೊಡಿ. ಇಳಿದದ್ದು ಡಿಸ್ಕಿನಲ್ಲೇ ಇರುವುದರಿಂದ ನೆಟ್ ಇಲ್ಲದಿದ್ದರೂ ನಡೆಯುತ್ತದೆ.

ಅರ್ಧಕ್ಕೆ ನಿಂತೇಬಿಟ್ಟರೆ ಮತ್ತೆ ಉಬುಂಟು ಹಾಕಲು ಹೊರಡಬೇಡಿ. ಆನ್ ಮಾಡುವಾಗ ಎಸ್ಕೇಪ್ ಒತ್ತಿ ಗ್ರಬ್ ಮೆನು (ಯಾವುದನ್ನು ಬೂಟ್ ಮಾಡಬೇಕೆಂದು ಕೇಳುವ ಪಟ್ಟಿ) ತನ್ನಿ, ‘ಅಡ್ವಾನ್ಸ್ಡ್ ಆಪ್ಷನ್ಸ್’ ಒಳಗೆ ‘ರಿಕವರಿ ಮೋಡ್’, ಅಲ್ಲಿ ‘ರೂಟ್’ ಆರಿಸಿ. ‘ಡಿಪಿಕೆಜಿ --ಕಾನ್ಫಿಗರ್ -ಎ’ ಕೊಟ್ಟರೆ ನಿಂತಲ್ಲಿಂದ ಕೆಲಸ ಮುಂದುವರಿಯುತ್ತದೆ. ಸ್ಟುಡಿಯೋದಲ್ಲಿ ಹಾಗೇ ಆಯಿತು. ಪಾಯಸ ಮಾತ್ರ ಅಷ್ಟರಲ್ಲಿ ಗಟ್ಟಿಯಾಗಿತ್ತು.

ನೀಲಿ ಸ್ಕ್ರೀನ್ ಬಂದರೆ

ಸೆಕ್ಯೂರ್ ಬೂಟ್ (ಆನ್ ಆಗುವಾಗ ಸಹಿ ಇಲ್ಲದ ತಂತ್ರಾಂಶವನ್ನು ತಡೆಯುವ ಕಾವಲು) ಆನ್ ಇದ್ದರೆ ಡ್ರೈವರ್ ಹಾಕುವಾಗ ಒಂದು ಪಾಸ್‌ವರ್ಡ್ ಇಡಲು ಹೇಳಬಹುದು. ಇದು ಲಾಗಿನ್ ಪಾಸ್‌ವರ್ಡ್ ಅಲ್ಲ, ಒಂದೇ ಸಲದ್ದು. ಚೀಟಿಯಲ್ಲಿ ಬರೆದಿಡಿ. ರೀಸ್ಟಾರ್ಟ್ ಮಾಡಿದ ಕೂಡಲೇ ನೀಲಿ ಸ್ಕ್ರೀನ್ ಬಂದು ‘ಮೋಕ್ ಮ್ಯಾನೇಜ್‌ಮೆಂಟ್’ ಎನ್ನುತ್ತದೆ. ವೈರಸ್ ಅಂದುಕೊಂಡು ಸ್ವಿಚ್ ಆಫ್ ಮಾಡುವವರೇ ಜಾಸ್ತಿ. ಹತ್ತು ಸೆಕೆಂಡಿನೊಳಗೆ ಯಾವುದಾದರೂ ಕೀ ಒತ್ತಿ, ‘ಎನ್‌ರೋಲ್ ಮೋಕ್’, ‘ಕಂಟಿನ್ಯೂ’, ‘ಯೆಸ್’, ಆಮೇಲೆ ಚೀಟಿಯ ಪಾಸ್‌ವರ್ಡ್. ಟೈಪ್ ಮಾಡುವಾಗ ಅಕ್ಷರ ಕಾಣದು. ಕಡೆಗೆ ‘ರೀಬೂಟ್’.

ತಪ್ಪಿಸಿಕೊಂಡರೆ ಉಬುಂಟು ಏನೂ ಆಗದ ಹಾಗೆ ತೆರೆದುಕೊಳ್ಳುತ್ತದೆ, ಆದರೆ ಡ್ರೈವರ್ ಹತ್ತಿರುವುದಿಲ್ಲ. ‘ಸುಡೋ ಅಪ್‌ಡೇಟ್-ಸೆಕ್ಯೂರ್‌ಬೂಟ್-ಪಾಲಿಸಿ --ಎನ್‌ರೋಲ್-ಕೀ’ ಕೊಟ್ಟರೆ ಮತ್ತೊಂದು ಅವಕಾಶ. ಸೆಕ್ಯೂರ್ ಬೂಟನ್ನೇ ಆಫ್ ಮಾಡಿಬಿಡಿ ಎನ್ನುವವರಿದ್ದಾರೆ. ಪಕ್ಕದಲ್ಲಿ ವಿಂಡೋಸ್ ಇದ್ದು ಅದಕ್ಕೆ ಬಿಟ್‌ಲಾಕರ್ ಎಂಬ ಡಿಸ್ಕಿನ ಬೀಗ ಹಾಕಿದ್ದರೆ ರಿಕವರಿ ಕೀ ಕೇಳಿ ಕಾಡಬಹುದು, ನಾನಂತೂ ಹೇಳುವುದಿಲ್ಲ.

ಹತ್ತಿತೋ ಇಲ್ಲವೋ

‘ಎನ್‌ವಿಡಿಯಾ-ಎಸ್‌ಎಂಐ’ ಕೊಡಿ. ಕಾರ್ಡಿನ ಹೆಸರು, ಡ್ರೈವರ್ ನಂಬರು, ಬಿಸಿ, ಮೆಮೊರಿ ಇರುವ ಚೌಕದ ಪಟ್ಟಿ ಬಂದರೆ ಆಯಿತು. ಡ್ರೈವರ್ ಜೊತೆ ಮಾತಾಡಲಾಗಲಿಲ್ಲ ಎಂಬ ಒಂದು ಸಾಲು ಬಂದರೆ ‘ಸುಡೋ ಮಾಡ್‌ಪ್ರೋಬ್ ಎನ್‌ವಿಡಿಯಾ’ ಕೊಟ್ಟು ನೋಡಿ. ‘ಕೀ ವಾಸ್ ರಿಜೆಕ್ಟೆಡ್’ ಎಂದರೆ ಮತ್ತೆ ನೀಲಿ ಸ್ಕ್ರೀನಿನ ಕೆಲಸವೇ. ಎರಡು ಗ್ರಾಫಿಕ್ಸ್ ಇರುವ ಲ್ಯಾಪ್‌ಟಾಪಿನಲ್ಲಿ ‘ಸುಡೋ ಪ್ರೈಮ್-ಸೆಲೆಕ್ಟ್ ಆನ್-ಡಿಮ್ಯಾಂಡ್’ ಇಟ್ಟುಕೊಳ್ಳಿ, ಬೇಕಾದಾಗ ಮಾತ್ರ ದೊಡ್ಡ ಕಾರ್ಡ್ ಏಳುತ್ತದೆ, ಬ್ಯಾಟರಿ ಉಳಿಯುತ್ತದೆ.

ಮುಂದೆಂದೋ ಕರ್ನಲ್ ಅಪ್‌ಡೇಟ್ ಆದ ಮೇಲೆ ಸ್ಕ್ರೀನ್ ಕಪ್ಪಾದರೆ ಅದೇ ಗ್ರಬ್ ಮೆನುವಿನಲ್ಲಿ ಹಿಂದಿನ ಕರ್ನಲ್ ಆರಿಸಿ ಒಳಗೆ ಹೋಗಿ. ಸ್ಟುಡಿಯೋ ಹುಡುಗ ಮೊನ್ನೆ ಹಾಗೇ ಮಾಡಿಕೊಂಡನಂತೆ, ನನಗೆ ಫೋನ್ ಬಂದದ್ದು ಹೊಸ ಯುಪಿಎಸ್ ಬ್ಯಾಟರಿ ಎಲ್ಲಿ ಸಿಗುತ್ತದೆ ಎಂದು ಕೇಳಲು.