ನಲವತ್ತು ದಾಟಿ ಡಿಗ್ರಿಗೆ ಸೇರಿದ ಮೇಲೆ

ಈ ವಯಸ್ಸಲ್ಲಿ ಓದಿದ್ದು ತಲೆಗೆ ಹತ್ತೋದಿಲ್ಲ ಅಂತ ಎಲ್ಲರೂ ಹೆದರಿಸಿದ್ದರು. ಹೆಸರು, ಇಸವಿ ನೆನಪಿಟ್ಟುಕೊಳ್ಳಲು ಸ್ವಲ್ಪ ಒದ್ದಾಡಿದ್ದು ನಿಜ. ಆದರೆ ಅದಕ್ಕಿಂತ ಜಾಸ್ತಿ ಕಾಡಿದ್ದು ಬೇರೆಯೇ: ಈ ತರಗತಿಯಲ್ಲಿ ನಾನು ಯಾರು? ಕೆಲಸದ ಜಾಗದಲ್ಲಿ ಹತ್ತು ಜನ ನನ್ನನ್ನು ಕೇಳಿಯೇ ಮುಂದುವರಿಯುತ್ತಿದ್ದರು. ಇಲ್ಲಿ ಅಡಿಟಿಪ್ಪಣಿ ಹಾಕೋದು ಹೇಗೆ ಅಂತ ಇಪ್ಪತ್ತರ ಹುಡುಗಿಯನ್ನು ನಾನು ಕೇಳಬೇಕು. ಬೆಳಿಗ್ಗೆ ಮ್ಯಾನೇಜರ್, ಸಂಜೆ ಫ್ರೆಶರ್!

ವಯಸ್ಕರ ಕಲಿಕೆಯ ಬಗ್ಗೆ ಬರೆದ ಅಮೆರಿಕದ ಮಾಲ್ಕಮ್ ನೋಲ್ಸ್ ಇದನ್ನು ಚೆನ್ನಾಗಿ ಹಿಡಿದಿದ್ದಾರೆ. ಹೊರಗೆ ತಮ್ಮ ಬದುಕನ್ನು ತಾವೇ ನಡೆಸುವವರು ಕ್ಲಾಸಿಗೆ ಕಾಲಿಟ್ಟ ಕೂಡಲೇ ಹಳೇ ಶಾಲೆಯ ಅಭ್ಯಾಸಕ್ಕೆ ಜಾರುತ್ತಾರಂತೆ. ಕೈಕಟ್ಟಿ ಕೂತು 'ಕಲಿಸಿ' ಅನ್ನುತ್ತಾರಂತೆ. ನಾನೂ ಹಾಗೇ ಕೂತಿದ್ದೆ.

ನನ್ನನ್ನು ಅಲ್ಲಾಡಿಸಿದ್ದು ಒಂದು ಅಸೈನ್‌ಮೆಂಟ್. ವಿಷಯ ಸಮಾಜಶಾಸ್ತ್ರ. 'ಒತ್ತಡ ಜಾಸ್ತಿಯಾದಾಗ ಜನ ಕೆಲಸ ಬಿಡುತ್ತಾರೆ' ಅಂತ ಧೈರ್ಯವಾಗಿ ಬರೆದಿದ್ದೆ. ಇಷ್ಟು ವರ್ಷ ಕಣ್ಣಾರೆ ನೋಡಿದ್ದೇನಲ್ಲ! ಪಕ್ಕದಲ್ಲಿ ಮೇಷ್ಟ್ರು ಪೆನ್ಸಿಲ್‌ನಲ್ಲಿ ಕೇಳಿದ್ದರು: 'ಎಲ್ಲರೂನಾ? ಹೇಗೆ ಗೊತ್ತು?' ಉರಿಯಿತು. ಆಮೇಲೆ ಕೂತು ಅದೇ ಸಾಲನ್ನು ಹೀಗೆ ತಿದ್ದಿದೆ: 'ನಾನಿದ್ದ ಕಡೆ ರಾತ್ರಿ ಪಾಳಿ ಶುರುವಾದ ಮೇಲೆ ಹಲವರು ಬಿಟ್ಟರು. ಕಾರಣ ಒತ್ತಡವೋ, ಪಾಳಿಯೋ?' ಈಗ ಓದಲು ಒಂದು ದಾರಿ ಸಿಕ್ಕಿತು. ಪಾಳಿ ಕೆಲಸದ ಬಗ್ಗೆ ಲೈಬ್ರರಿಯಲ್ಲಿ ಹುಡುಕಿದೆ, ಪಾಳಿ ಬದಲಾಗದೆಯೂ ಜನ ಬಿಟ್ಟ ಕಡೆಗಳ ಬಗ್ಗೆಯೂ ಓದಿದೆ. ಅಲ್ಲಿಂದ ಮುಂದೆ ನನ್ನ ಅನುಭವವನ್ನು ಉತ್ತರದ ಜಾಗದಲ್ಲಿ ಇಡೋದು ಬಿಟ್ಟೆ, ಪ್ರಶ್ನೆಯ ಜಾಗದಲ್ಲಿಟ್ಟೆ. ಕ್ಲಾಸಲ್ಲಿ 'ನಮ್ಮ ಕಾಲದಲ್ಲಿ' ಅಂತ ಬಾಯಿ ತೆರೆಯೋದೂ ತಾನಾಗೇ ಕಡಿಮೆಯಾಯಿತು.

ಗುಂಪು ಕೆಲಸ ಇನ್ನೊಂದು ಕಥೆ. ವಯಸ್ಸು ನೋಡಿ ಎಲ್ಲರೂ ಲೀಡರ್ ಪಟ್ಟ ನನ್ನ ತಲೆಗೇ ಕಟ್ಟುತ್ತಿದ್ದರು. ಯಾರು ಯಾವಾಗ ಏನು ಕೊಡಬೇಕು ಅಂತ ನೆನಪಿಸೋದೇ ಕೆಲಸ. ಅದು ನನಗೆ ನಿದ್ದೆಯಲ್ಲೂ ಬರುತ್ತೆ, ಅದರಿಂದ ಕಲಿಯೋದು ಏನೂ ಇಲ್ಲ. ಹಾಗಾಗಿ ಮೊದಲ ಮೀಟಿಂಗಲ್ಲೇ 'ಲೀಡರ್ ಬೇರೆಯವರಾಗಲಿ, ಅಂಕಿಅಂಶದ ವಿಶ್ಲೇಷಣೆ ನನಗೆ ಕೊಡಿ' ಅಂತ ಕೇಳಲು ಶುರುಮಾಡಿದೆ. ನನಗೆ ಬಾರದ್ದು ಅದೇ ಅಲ್ವಾ? ಹುಡುಗರು ಮೊದಲು ಮುಖ ಮುಖ ನೋಡಿಕೊಂಡರು. ಈಗ ನಾನು ತಡ ಮಾಡಿದರೆ ಗ್ರೂಪಲ್ಲಿ 'ಎಲ್ಲಿ ನಿಮ್ಮ ಪಾರ್ಟು?' ಅಂತ ಮುಲಾಜಿಲ್ಲದೆ ಮೆಸೇಜ್ ಹಾಕುತ್ತಾರೆ.