‘ಕಲರ್ ಹಾಕೀರೇನ್ರೀ?’ ಅಂತ ಕೇಳಿದವರೇ ಗಿರಾಕಿಗಳಾದರು

ಹಾವೇರಿಯಲ್ಲಿ ಕೂತು ಬ್ಯಾಡಗಿ ಮೆಣಸಿನಕಾಯಿಯ ಖಾರದ ಪುಡಿ ಮಾರುತ್ತೇನೆ. ಆರ್ಡರ್ ಜಾಸ್ತಿ ಬರೋದು ವಾಟ್ಸಾಪ್‌ನಲ್ಲೇ. ಶುರುವಿನಲ್ಲಿ ‘ಸೂಪರ್ ಟೇಸ್ಟ್’ ಅಂತ ಬಂದ ಮೆಸೇಜುಗಳ ಸ್ಕ್ರೀನ್‌ಶಾಟ್ ಸ್ಟೇಟಸ್‌ಗೆ ಹಾಕುತ್ತಿದ್ದೆ. ನೋಡುವವರು ನೋಡುತ್ತಿದ್ದರು, ಕೊಳ್ಳುವವರು ಕಡಿಮೆ. ಹೊಗಳಿಕೆ ಯಾರು ಬೇಕಾದರೂ ಬರೆಸಬಹುದು, ಅಲ್ವಾ?

ವ್ಯಾಪಾರ ಕುದುರಿದ್ದು ಒಂದು ಅನುಮಾನದಿಂದ. ಪುಡಿಯ ಫೋಟೋ ಕೆಳಗೆ ಹುಬ್ಬಳ್ಳಿಯ ಹೆಣ್ಣುಮಗಳೊಬ್ಬರು, ‘ಇಷ್ಟ್ ಕೆಂಪ್ ಹೆಂಗ್ ಬಂತ್ರೀ? ಕಲರ್ ಹಾಕೀರೇನ್ರೀ?’ ಅಂತ ಬರೆದರು. ಡಿಲೀಟ್ ಮಾಡು ಅಂದ ತಮ್ಮ. ನಾನು ಗಾಜಿನ ಲೋಟದಲ್ಲಿ ನೀರಿಟ್ಟು, ಮೇಲೆ ಚಿಟಿಕೆ ಪುಡಿ ಉದುರಿಸಿ ವಿಡಿಯೋ ಮಾಡಿದೆ. ನೀರಲ್ಲಿ ಕರಗುವ ಬಣ್ಣ ಬೆರೆಸಿದ್ದರೆ ಕೆಂಪು ಗೆರೆಗಳು ಕೆಳಗಿಳಿಯುತ್ತವೆ. ಇಳಿಯಲಿಲ್ಲ. ಮೆಣಸಿನಕಾಯಿಯ ಸ್ವಂತ ಬಣ್ಣ ಬಿಡೋದು ಎಣ್ಣೆಯಲ್ಲಿ. ಅದೇ ಪುಡಿಯನ್ನು ಒಗ್ಗರಣೆ ಸೌಟಿನ ಬೆಚ್ಚಗಿನ ಎಣ್ಣೆಗೆ ಹಾಕಿದೆ, ಕೆಂಪಗಾಯಿತು. ಸುಡಾನ್ ಅನ್ನೋ ಕೆಮಿಕಲ್ ಬಣ್ಣದಂಥ, ಎಣ್ಣೆಯಲ್ಲಿ ಕರಗುವ ಬಣ್ಣ ಈ ಪರೀಕ್ಷೆಗೆ ಸಿಗಲ್ಲ, ಅದಕ್ಕೆ ಲ್ಯಾಬೇ ಬೇಕು. ಅದನ್ನೂ ಅಲ್ಲೇ ಹೇಳಿದೆ.

ಲೈಕು ಅಷ್ಟಕ್ಕಷ್ಟೇ. ಆದರೆ ಫೋನ್ ಮಾಡಿದವರೆಲ್ಲ ‘ನಮ್ಮ ವೈನಿ ಕಳಿಸಿದ್ರು’, ‘ಓಣಿ ಗ್ರೂಪಿನ್ಯಾಗ ಬಂದಿತ್ರೀ’ ಅನ್ನೋರೇ. ಅಸಲಿ ಮಾತು ನಡೆಯೋದು ನಮಗೆ ಕಾಣದ ಇಂಥ ಗ್ರೂಪುಗಳಲ್ಲಿ.

ರೀಲ್ಸ್ ಮಾಡುವವರೊಬ್ಬರು ದುಡ್ಡು ಕೊಟ್ಟರೆ ಹೊಗಳುತ್ತೇನೆ ಅಂದರು. 2023ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿಯಂತೆ ಅದು ಜಾಹೀರಾತು ಅಂತ ತೋರಿಸಬೇಕು. ‘ಹಾಗೆ ಹಾಕಿದ್ರೆ ಯಾರು ನಂಬ್ತಾರೆ?’ ಅಂದರು. ನಾನೂ ಅಲ್ಲಿಗೇ ಬಿಟ್ಟೆ.

ತಲೆನೋವು ಇರೋದು ಮೆಣಸಿನಕಾಯಿ ದರದ ಫಾರ್ವರ್ಡ್‌ಗಳದ್ದು. ಬ್ಯಾಡಗಿ ಎಪಿಎಂಸಿ ಮಾರುಕಟ್ಟೆಯಲ್ಲಿ ಗರಿಷ್ಠ ದರ ಒಂದೆರಡು ಒಳ್ಳೆ ರಾಶಿಗೆ ಸಿಕ್ಕಿರುತ್ತದೆ, ಊರೆಲ್ಲ ಓಡಾಡೋದು ಅದೊಂದೇ. ರೈತರು ಅದನ್ನೇ ನಂಬಿ ಚೀಲ ಕಟ್ಟಿಟ್ಟು ಕಾಯುತ್ತಾರೆ. ಇಳಿದ ಸುದ್ದಿ ಬಂದರೆ ಗಿರಾಕಿಗಳ ಸರದಿ: ‘ರೇಟ್ ಬಿದ್ದೈತಂತಲ್ರೀ?’ ಬಿದ್ದದ್ದು ಬ್ಯಾಡಗಿ ಕಾಯಿಯ ಬಗೆಗಳಾದ ಕಡ್ಡಿಯದೋ, ಡಬ್ಬಿಯದೋ, ಇಲ್ಲಾ ಗುಂಟೂರು ಕಾಯಿಯದೋ, ಮೆಸೇಜಿನಲ್ಲಿ ಇರೋದೇ ಇಲ್ಲ. ಹಾಗಾಗಿ ಮಾರ್ಕೆಟ್ ದಿನ ಸಂಜೆ ತಳಿವಾರು ಕನಿಷ್ಠ, ಗರಿಷ್ಠ, ಮಾದರಿ (ಅಂದರೆ ಹೆಚ್ಚು ಮಾಲು ಮಾರಾಟವಾದ) ದರ ಮೂರನ್ನೂ ಸ್ಟೇಟಸ್‌ಗೆ ಹಾಕುತ್ತೇನೆ. ನನ್ನ ಪುಡಿಗೆ ಯಾವ ದರದ ಕಾಯಿ ತಂದೆ ಅಂತಲೂ ಬರೆಯುತ್ತೇನೆ. ಚೌಕಾಸಿ ನಿಂತಿಲ್ಲ. ಈಗ ಡಬ್ಬಿಯ ಮಾದರಿ ದರ ಹೇಳಿಯೇ ಚೌಕಾಸಿ ಮಾಡುತ್ತಾರೆ.